ಕೊಳತ್ತೂರಿನ ಮೀನಿನ ಬೀದಿ

ಮೀನಿನ ಅಂಗಡಿಗೆಂದು ನಾನು ಪ್ರಯಾಣ ಹೊರಟ ಸಂಗತಿಯನ್ನು ಕೇಳಿದರೆ ನಮ್ಮ ಬಂಧುವರ್ಗದವರು ನಗದೆ ಇರಲಾರರು. ತಲೆತಲಾಂತರದಿಂದ ಸಸ್ಯಾಹಾರವನ್ನಲ್ಲದೆ ಬೇರೊಂದನ್ನರಿಯದ ಮನೆತನ ನಮ್ಮದು. ಆದರೂ ಕಳೆದ ಮಾಘಮಾಸದ ಒಂದು ಭಾನುವಾರ ಬೆಳಗ್ಗೆ, ಚೆನ್ನೈ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಿಂದ ಒಂಬತ್ತು ವರ್ಷದ ಮೊಮ್ಮಗನ ಕೈಹಿಡಿದು ನಾನು ಹೊರಟದ್ದು ಮೀನಿನ ನಿಮಿತ್ತವಾಗಿಯೇ. ಹುಡುಗನ ಇನ್ನೊಂದು ಕೈಯಲ್ಲಿ ನೀರು ತುಂಬಿದ ಡಬ್ಬಿಯಿದ್ದಿತು. ಅದರೊಳಗೆ ಒಂದು ಏಂಜೆಲ್ ಮೀನು. ಅದು ಅಪರಾಧಿಯಾಗಿ ಗಡೀಪಾರಿಗೆ ಹೊರಟಿದ್ದಿತು.

ಅಪರಾಧವೇನೆಂಬುದನ್ನು ಮೊದಲು ಹೇಳಬೇಕು. ಶ್ರಾವಣದಲ್ಲಿ ಮಗನು ಮೂರು ಅಡಿ ಉದ್ದದ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ತಂದು ನಡುಮನೆಯಲ್ಲಿರಿಸಿದನು. ಮೀನು ಮಾರಿದಾತನು, ಎಲ್ಲವೂ ಒಂದರೊಡನೊಂದು ಹೊಂದಿಕೊಂಡಿರುವುವೆಂದು ಅಭಯವಿತ್ತು, ಒಂದು ಎಳೆಯ ಏಂಜೆಲನ್ನೂ ಹತ್ತು ನಿಯಾನ್ ಟೆಟ್ರಾಗಳನ್ನೂ ಕೊಟ್ಟನು. ನಾಲ್ಕು ತಿಂಗಳು ಎಲ್ಲವೂ ಸುಖವಾಗಿದ್ದುವು. ಅನಂತರ ಹತ್ತು ಎಂಟಾದುವು, ಎಂಟು ಐದಾದುವು. ಒಂದು ಮುಂಜಾನೆ ಏಂಜೆಲಿನ ಬಾಯಿಂದ ನೀಲಿಗೆರೆಯ ಪುಟ್ಟ ಬಾಲವೊಂದು ಹೊರಚಾಚಿಕೊಂಡಿರುವುದನ್ನು ಹುಡುಗನು ಕಣ್ಣಾರೆ ಕಂಡನು. ಅಂದು ಅವನು ಊಟಮಾಡಲಿಲ್ಲ. “ಇದು ಕೆಟ್ಟ ಮೀನು, ತಾತ, ಇದು ನಮ್ಮ ಮನೆಯಲ್ಲಿ ಬೇಡ” ಎಂದು ಹಟಹಿಡಿದನು. ಉಳಿದ ಮೂರು ಟೆಟ್ರಾಗಳನ್ನು ಪಾತ್ರೆಯೊಂದರಲ್ಲಿ ಬೇರೆಯಾಗಿರಿಸಿದ್ದೆವು. ಅವುಗಳನ್ನೂ ಜೊತೆಗೇ ತೆಗೆದುಕೊಂಡು ಬಸ್ಸನ್ನು ಹತ್ತಿದೆವು.

ದಾರಿಯಲ್ಲಿ ನನ್ನ ಮನಸ್ಸು ಹಳೆಯ ಅಭ್ಯಾಸದಂತೆ ಶಾಸ್ತ್ರದ ಕಡೆಗೆ ಹರಿಯಿತು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲಿಷ್ಠನು ದುರ್ಬಲನನ್ನು ನುಂಗುವ ಸ್ಥಿತಿಗೆ ನಮ್ಮ ಹಿರಿಯರು ಮಾತ್ಸ್ಯನ್ಯಾಯವೆಂದು ಹೆಸರಿಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಮಾತು ಬರುವುದು. ಆ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದ ಕೀರ್ತಿ ಆರ್. ಶಾಮಶಾಸ್ತ್ರಿಗಳದು. ಪಾಠ ಹೇಳುವಾಗ ಎಷ್ಟೋ ಬಾರಿ ಈ ನ್ಯಾಯವನ್ನು ವಿವರಿಸಿದ್ದೇನೆ. ಡಬ್ಬಿಯಲ್ಲಿಟ್ಟುಕೊಂಡು ಹೋದದ್ದು ಇದೇ ಮೊದಲು.

1955ರಲ್ಲಿ ಕೆಲಸವನ್ನಾರಂಭಿಸಿದ ರೈಲುಗಾಡಿಯ ಕಾರ್ಖಾನೆಯಿಂದ ಹೆಸರಾದ ಪೆರಂಬೂರಿನಲ್ಲಿಳಿದು, ಆಟೋ ಹಿಡಿದು ಕೊಳತ್ತೂರನ್ನು ಸೇರಿದೆವು. ಕನ್ನಡಿಗನ ಕಿವಿಗೆ ಆ ಹೆಸರಿನಲ್ಲಿಯೇ ಕೊಳದ ಸದ್ದು ಕೇಳಿಸುವುದು. ಅಲಂಕಾರದ ಮೀನುಗಳ ವ್ಯಾಪಾರಕ್ಕೆ ದೇಶದಲ್ಲಿಯೇ ಹೆಸರುವಾಸಿಯಾದ ಸ್ಥಳವಿದು. ಬೀದಿಯ ಉದ್ದಕ್ಕೂ ಗಾಜಿನ ತೊಟ್ಟಿಗಳ ಗೋಡೆಗಳು. ಬಾಗಿಲುಗಳಲ್ಲಿ ಗಾಳಿತುಂಬಿ ರಬ್ಬರಿನಿಂದ ಬಿಗಿದ ಪೊಟ್ಟಣಗಳ ಗೊಂಚಲುಗಳು. ಪ್ರತಿಯೊಂದರಲ್ಲಿಯೂ ಕೆಂಪು, ಕಪ್ಪು, ಹೊಂಬಣ್ಣದ ಪ್ರಾಣಗಳು. ಇಲ್ಲಿ ಅನೇಕ ಸಂಸಾರಗಳು ಹಿತ್ತಲಿನ ಸಿಮೆಂಟು ತೊಟ್ಟಿಗಳಲ್ಲಿ ಮೀನಿನ ಮರಿಮಾಡಿಸಿ ಜೀವನ ಸಾಗಿಸುವುವು. ಬೀದಿಯ ತುಂಬ ಪಾಚಿಯ ವಾಸನೆ, ಗಾಳಿಯಂತ್ರಗಳ ಗುಳುಗುಳು ಧ್ವನಿ. ಹುಡುಗನು ದುಃಖವನ್ನು ಮರೆತು ಬಾಯ್ದೆರೆದು ನಿಂತನು.

ಬೀದಿಯ ಕೊನೆಗಿದ್ದ ಒಂದು ಸಣ್ಣ ಅಂಗಡಿಯನ್ನು ಹೊಕ್ಕೆವು. ಅದನ್ನು ನಡೆಸುತ್ತಿದ್ದವಳು ಐವತ್ತರ ಸಮೀಪದ ಒಬ್ಬ ಹೆಂಗಸು. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ಕಲಿತ ತಮಿಳು ನನಗೆ ನೆರವಾಯಿತು. ವೃತ್ತಾಂತವನ್ನೆಲ್ಲ ಕೇಳಿ ಆಕೆ ಡಬ್ಬಿಯ ಮುಚ್ಚಳವನ್ನು ತೆರೆದು ನೋಡಿ, “ಐಯಾ, ಇದಕ್ಕೆ ಯಾವ ದುರ್ಗುಣವೂ ಇಲ್ಲ. ಬಾಯಿಗೆ ಹಿಡಿಸುವುದನ್ನೆಲ್ಲ ಇದು ಆಹಾರವೆಂದೇ ತಿಳಿಯುವುದು. ತಂದಾಗ ಇದರ ಬಾಯಿ ಚಿಕ್ಕದಾಗಿತ್ತು, ಈಗ ದೊಡ್ಡದಾಯಿತು. ಇಂಥದನ್ನೂ ಅಂಥದನ್ನೂ ಒಟ್ಟಿಗೆ ಬಿಟ್ಟವರು ಯಾರು?” ಎಂದಳು. ನಾನು ಉತ್ತರ ಕೊಡಲಿಲ್ಲ.

ಏಂಜೆಲು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆಯದು. 1823ರಲ್ಲಿ ವಿದ್ವಾಂಸರು ಇದನ್ನು ವರ್ಣಿಸಿದರು. ಶಾಸ್ತ್ರದಲ್ಲಿ ಇದಕ್ಕೆ ಟೆರೊಫಿಲಮ್ ಎಂದು ಹೆಸರು. ಗ್ರೀಕಿನಲ್ಲಿ ರೆಕ್ಕೆಯೆಲೆ ಎಂದರ್ಥ. ಸಂಸ್ಕೃತದಲ್ಲಾದರೋ ‘ಪತ್ರ’ವೆಂಬ ಒಂದೇ ಶಬ್ದವು ರೆಕ್ಕೆಗೂ ಎಲೆಗೂ ಸಲ್ಲುವುದು. ಅಗಲವಾದ ಚಪ್ಪಟೆ ಮೈ, ಮೇಲಕ್ಕೂ ಕೆಳಕ್ಕೂ ನೀಳವಾದ ರೆಕ್ಕೆ, ನಡಿಗೆ ರಾಜಗಂಭೀರ. ಕ್ರೂರಜಂತುವಲ್ಲ, ಪರಮಸಾಧುವೂ ಅಲ್ಲ. ತನ್ನದೆಂದು ಬಗೆದ ಮೂಲೆಗೆ ಇತರರು ಬಂದರೆ ಅಟ್ಟುವುದು. ಮೊಟ್ಟೆಯಿಟ್ಟ ಕಾಲದಲ್ಲಂತೂ ದಂಪತಿಗಳೆರಡೂ ಉಗ್ರವಾಗುವುವು. ಇಂಥದಕ್ಕೆ ಒಡನಾಡಿಗಳನ್ನಾರಿಸುವ ಬಗೆಯನ್ನು ಆಕೆ ಒಂದೊಂದು ತೊಟ್ಟಿಯ ಮುಂದೆಯೂ ನಿಲ್ಲಿಸಿ ಹೇಳಿದಳು. ಗೃಹಸ್ಥರಿಗೆ ಉಪಯೋಗವಾಗಲೆಂದು ಇಲ್ಲಿ ಸಂಗ್ರಹಿಸುವೆನು.

ಮೊದಲನೆಯದು ಗಾತ್ರ. ಬೆಳೆದ ಏಂಜೆಲಿನ ಬಾಯಿಗೆ ಹಿಡಿಸುವಂಥ ಮೀನು ಎಂದಿಗೂ ಕೂಡದು. ನಿಯಾನ್ ಟೆಟ್ರಾ ಪೂರ್ಣವಾಗಿ ಬೆಳೆದರೂ 4 ಸೆಂಟಿಮೀಟರನ್ನು ಮೀರುವುದು ಅಪರೂಪ. ಕೊಳ್ಳುವಾಗ ಇಂದಿನ ಅಳತೆಯನ್ನಲ್ಲ, ಬೆಳೆದ ಮೇಲಿನ ಅಳತೆಯನ್ನು ಕೇಳಬೇಕು. ಎರಡನೆಯದು ಸ್ವಭಾವ. ಮೊಮ್ಮಗನು ಆಸೆಪಟ್ಟ ಪಟ್ಟೆಪಟ್ಟೆಯ ಟೈಗರ್ ಬಾರ್ಬನ್ನು ತೋರಿಸಿ ಆಕೆ ತಲೆಯಾಡಿಸಿದಳು. ಅದು ಗಾತ್ರದಲ್ಲಿ ಚಿಕ್ಕದಾದರೂ ನೀಳವಾದ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಹರಿಯುವುದು. ಅಲ್ಲಿ ಪೆಟ್ಟು ತಿನ್ನುವುದು ಏಂಜೆಲೇ. ಮೂರನೆಯದು ನೀರು. ಏಂಜೆಲಿಗೆ 24ರಿಂದ 28 ಡಿಗ್ರಿಯ ಬೆಚ್ಚನೆಯ ನೀರು ಹಿತ. ಚಿನ್ನದ ಮೀನಿಗೆ ಅದಕ್ಕಿಂತ ತಣ್ಣನೆಯದು ಬೇಕು. ಜಗಳವಾಡದಿದ್ದರೂ ಅವೆರಡಕ್ಕೂ ಒಂದೇ ಮನೆ ಸಲ್ಲದು. ನಾಲ್ಕನೆಯದು ನೆಲೆ. ಏಂಜೆಲು ನಡುನೀರಿನಲ್ಲಿ ಸಂಚರಿಸುವುದು. ತಳದಲ್ಲಿ ವಾಸಿಸುವ ಮೀನಿನೊಡನೆ ಅದಕ್ಕೆ ತಂಟೆ ಕಡಮೆ. ಐದನೆಯದು ಸ್ವಜಾತಿ. ಜೋಡಿಯಾಗದ ಎರಡು ಏಂಜೆಲುಗಳನ್ನು ಇಟ್ಟರೆ ಬಲವಾದದ್ದು ಇನ್ನೊಂದನ್ನು ಸದಾ ಹಿಂಸಿಸುವುದು. ದೊಡ್ಡ ತೊಟ್ಟಿಯಲ್ಲಿ ಐದಾರನ್ನು ಎಳೆಯವಿರುವಾಗಲೇ ಬಿಟ್ಟರೆ ಕಲಹವು ಹಂಚಿಹೋಗುವುದು. ಸುಮಾರು 150 ಲೀಟರಿನ ನಮ್ಮ ತೊಟ್ಟಿಗೆ ಒಂದೇ ಸಾಕೆಂದಳು.

ಆಕೆ ಇಷ್ಟನ್ನು ಹೇಳುತ್ತಿರುವಾಗ ನನಗೆ ಬೇರೊಂದು ಮುಖವು ನೆನಪಿಗೆ ಬಂದಿತು. ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಗೆ ಒಬ್ಬ ಹುಡುಗನು ತಡವಾಗಿ ಸೇರಿದನು. ಮೈಕಟ್ಟಿನಲ್ಲಿ ಎಲ್ಲರಿಗಿಂತ ದೊಡ್ಡವನು, ಓದಿನಲ್ಲಿ ಹಿಂದು. ಅಕ್ಷರ ಬಾರದವನೆಂದು ಮುಂದಿನ ಸಾಲಿನಲ್ಲಿ ಪುಟ್ಟ ಮಕ್ಕಳ ನಡುವೆ ಅವನನ್ನು ಕೂಡಿಸಿದೆನು. ಅವರು ಅವನನ್ನು ನೋಡಿ ನಕ್ಕರು, ಅವನು ಹೊಡೆದನು. ನಾನು ಬೆತ್ತವನ್ನೆತ್ತಿ, ದುಷ್ಟನೆಂದು ಬಯ್ದು, ಹೊರಗೆ ನಿಲ್ಲಿಸಿದೆನು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಸಮವಯಸ್ಕರ ಸಾಲಿಗೆ ಅವನನ್ನು ಬದಲಾಯಿಸಬಹುದೆಂಬ ಸಾಮಾನ್ಯ ಬುದ್ಧಿ ಅಂದು ನನಗೆ ಹೊಳೆಯಲಿಲ್ಲ. ಮಾತ್ಸ್ಯನ್ಯಾಯವನ್ನು ಹೇಳಿದ ಶಾಸ್ತ್ರವು ಮೀನನ್ನು ದೂಷಿಸುವುದಿಲ್ಲ. ಪಾಲಿಸಬೇಕಾದವನು ಇಲ್ಲದ್ದರಿಂದ ಹಾಗಾಗುವುದೆಂದು ಹೇಳುವುದು. ಅದನ್ನು ಪಾಠ ಹೇಳಿದವನು ನಾನು. ಅರ್ಥ ಮಾಡಿಸಿದವಳು ಕೊಳತ್ತೂರಿನ ಆ ತಾಯಿ.

“ಇದನ್ನು ನೀವು ಇಟ್ಟುಕೊಳ್ಳುವಿರೇನಮ್ಮಾ?” ಎಂದು ಕೇಳಿದೆನು. “ಬೇಡವಾದರೆ ಇಟ್ಟುಕೊಳ್ಳುತ್ತೇನೆ. ಮಗುವನ್ನೇ ಕೇಳಿ” ಎಂದಳು. ಹುಡುಗನು ಡಬ್ಬಿಯನ್ನು ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ ಮುಚ್ಚಳವನ್ನು ಮೆಲ್ಲನೆ ಮುಚ್ಚಿ, “ಮನೆಗೆ ಕರೆದುಕೊಂಡು ಹೋಗೋಣ, ತಾತ” ಎಂದನು.

ಟೆಟ್ರಾಗಳು ಮೂರನ್ನೂ ಅವುಗಳ ಬಳಗವಿದ್ದ ತೊಟ್ಟಿಗಾಗಿ ಆಕೆಗೆ ಒಪ್ಪಿಸಿದೆವು. ತಳದಲ್ಲಿ ಮೀಸೆಯಾಡಿಸುತ್ತ ಆಹಾರ ಹುಡುಕುವ ಕೋರಿಡೋರಾಸ್ ಮೀನುಗಳನ್ನು, ಗುಂಪಿನಲ್ಲಿ ವಾಸಿಸುವ ಜಾತಿಯಾದುದರಿಂದ, ಆರು ಕೊಂಡೆವು. ಬೆಳೆದ ಕತ್ತಿಬಾಲದ ಮೀನುಗಳನ್ನು ನಾಲ್ಕು ಕೊಂಡೆವು. ಗಂಡು ಒಂದು, ಹೆಣ್ಣು ಮೂರು. ಇವು ಮರಿಹಾಕಿದರೆ ಮರಿಗಳು ಬಹುಮಟ್ಟಿಗೆ ಏಂಜೆಲಿನ ಪಾಲಾಗುವುವೆಂಬುದನ್ನೂ ಆಕೆ ಮುಚ್ಚಿಡಲಿಲ್ಲ.

ಮನೆಗೆ ಬಂದು ಆಕೆ ಹೇಳಿದಂತೆ ನಡೆದುಕೊಂಡೆವು. ಮೊದಲು ತೊಟ್ಟಿಯೊಳಗಿನ ಕಲ್ಲುಗಳನ್ನೂ ಗಿಡಗಳನ್ನೂ ಸ್ಥಳ ಬದಲಿಸಿದೆವು. ಹಳೆಯ ಮೂಲೆಯ ಮೇಲಿನ ಒಡೆತನವು ಹೀಗೆ ಮರೆತುಹೋಗುವುದಂತೆ. ದೀಪವನ್ನಾರಿಸಿ, ಪೊಟ್ಟಣಗಳನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ಹೊಸಬರನ್ನು ಬಿಟ್ಟೆವು. ಏಂಜೆಲನ್ನು ಬಿಟ್ಟದ್ದು ಎಲ್ಲಕ್ಕಿಂತ ಕಡೆಯಲ್ಲಿ.

ಎರಡು ತಿಂಗಳು ಕಳೆದುವು. ಹುಡುಗನು ಪ್ರತಿದಿನವೂ ಎದ್ದೊಡನೆ ತೊಟ್ಟಿಯ ಮುಂದೆ ನಿಂತು ಎಣಿಸುವನು. ಹನ್ನೊಂದು ಹನ್ನೊಂದಾಗಿಯೇ ಇವೆ. ಏಂಜೆಲಿನ ಸ್ವಭಾವವೇನೂ ಬದಲಾಗಲಿಲ್ಲ. ಆಹಾರದ ಹೊತ್ತಿನಲ್ಲಿ ಈಗಲೂ ಕತ್ತಿಬಾಲದ ಗಂಡನ್ನು ಅಟ್ಟುವುದು. ಆದುದರಿಂದ ಮೊಮ್ಮಗನು ಒಂದು ಚಿಟಿಕೆಯನ್ನು ಈ ತುದಿಗೂ ಇನ್ನೊಂದನ್ನು ಆ ತುದಿಗೂ ಹಾಕುವನು. ಈ ಉಪಾಯವನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ.