ಮಂಗಳ ಹಾಡಿದ ಮೇಲೆ

ಮುಗಿದ ಕಥೆಯನ್ನು ಮುಂದುವರಿಸುವ ಆಸೆ ಸಿನಿಮಾದವರು ಹುಟ್ಟಿಸಿದ್ದಲ್ಲ. ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದವುಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿಯು ಪೂರೈಸಿದನು. ಗ್ರಂಥವೇನೋ ಪೂರ್ಣವಾಯಿತು, ಆದರೆ ಗಮಕಿಗಳ ನಾಲಗೆಯ ಮೇಲೆ ಇಂದಿಗೂ ನಲಿಯುವವನು ಮೊದಲಿನವನೇ. ಲಕ್ಷ್ಮೀಶನ ಜೈಮಿನಿ ಭಾರತವೂ ಕುರುಕ್ಷೇತ್ರದ ಯುದ್ಧ ಮುಗಿದ ಮೇಲಿನ ಕಥೆಯೇ. ಅದು ಮಾತ್ರ ಕನ್ನಡಿಗರ ಮನೆಮನೆಯನ್ನು ಹೊಕ್ಕಿತು. ಮುಂದುವರಿದ ಕಥೆಗಳಲ್ಲಿ ಒಂದಕ್ಕೆ ಈ ಭಾಗ್ಯ, ಇನ್ನೊಂದಕ್ಕೆ ಆ ಮರೆವು ಏಕೆ?

ಸುಳ್ಯದ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಕಾವ್ಯದಿಂದಲ್ಲ, ಒಬ್ಬ ಯಂತ್ರಮಾನವನಿಂದ.

2010ರಲ್ಲಿ ಶಂಕರ್ ನಿರ್ದೇಶಿಸಿದ 'ಎಂದಿರನ್' ತೆರೆಗೆ ಬಂದಾಗ ಆ ಮನೆಯ ಹುಡುಗ ಐದನೆಯ ತರಗತಿಯಲ್ಲಿದ್ದನು. ರಜನೀಕಾಂತರು ವಿಜ್ಞಾನಿ ವಸೀಗರನ್ ಆಗಿಯೂ ಅವನು ನಿರ್ಮಿಸಿದ ಚಿಟ್ಟಿಯೆಂಬ ಯಂತ್ರವಾಗಿಯೂ ನಟಿಸಿದ್ದರು. ನಾಯಕಿ ಸನಾ ಆಗಿದ್ದ ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದವರೆಂಬುದು ಊರವರಿಗೆ ಇನ್ನೊಂದು ಹೆಮ್ಮೆ. ಆದರೆ ಹುಡುಗನ ಮನಸ್ಸಿನಲ್ಲಿ ನಿಂತದ್ದು ಹೊಡೆದಾಟವಲ್ಲ. ಬೆಂಕಿಯಿಂದ ಜನರನ್ನು ರಕ್ಷಿಸುವ ಚಿಟ್ಟಿಗೆ ನಾಚಿಕೆಯೆಂದರೇನೆಂದು ತಿಳಿಯದು. ಸ್ನಾನದ ಮನೆಯಲ್ಲಿದ್ದ ಹುಡುಗಿಯನ್ನು ಹಾಗೆಯೇ ಎತ್ತಿ ಜನರ ನಡುವೆ ತಂದಿಡುತ್ತಾನೆ. ಅವಮಾನ ತಾಳಲಾರದೆ ಓಡಿದ ಆಕೆ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಆಮೇಲೆ ಅವನಿಗೆ ಭಾವನೆಗಳನ್ನು ಕಲಿಸುತ್ತಾರೆ. ಭಾವನೆಯ ಹಿಂದೆ ಪ್ರೇಮ, ಪ್ರೇಮದ ಹಿಂದೆ ದ್ವೇಷ. ಕಡೆಗೆ ನ್ಯಾಯಾಲಯದ ಆಜ್ಞೆಯಂತೆ ಚಿಟ್ಟಿ ತನ್ನ ಅಂಗಾಂಗಗಳನ್ನು ತಾನೇ ಕಳಚಿಡುತ್ತಾನೆ. ಏಕೆ ಕಳಚಿದರೆಂದು ಮುಂದೊಂದು ದಿನ ವಸ್ತುಸಂಗ್ರಹಾಲಯದಲ್ಲಿ ಕೇಳಿದಾಗ, ತಾನು ಯೋಚಿಸತೊಡಗಿದ್ದೇ ಕಾರಣವೆಂಬ ಉತ್ತರ ಬರುತ್ತದೆ.

ಆ ಉತ್ತರ ಹುಡುಗನನ್ನು ಬಿಡಲಿಲ್ಲ. ಯೋಚಿಸುವುದು ತಪ್ಪೇ? ಯಂತ್ರಕ್ಕೆ ಯೋಚನೆ ಬಂದರೆ ತಪ್ಪು ಯಾರದು? ಹೀಗೆ ಕೇಳುತ್ತ ಬೆಳೆದವನು ಎಂಟು ವರ್ಷಗಳ ನಂತರ ಇಂಜಿನಿಯರಿಂಗ್ ಕಾಲೇಜು ಸೇರಿದನು. ಅದೇ ವರ್ಷ, 2018ರ ನವೆಂಬರ್ 29ರಂದು, ಮುಂದಿನ ಭಾಗ '2.0' ಬಂದಿತು. ತನ್ನ ಪ್ರಶ್ನೆಗೆ ಉತ್ತರವೇ ಬಂದಂತೆ ಹುಡುಗ ಹೊರಟನು.

ಮರಳಿ ಬಂದವನ ಮುಖದಲ್ಲಿ ಕಳೆಯಿರಲಿಲ್ಲ. ಮನೆಯ ಅಜ್ಜ ಊರಿನ ತಾಳಮದ್ದಳೆಗಳಲ್ಲಿ ಅರ್ಥ ಹೇಳಿ ಹಣ್ಣಾದವರು.

"ಎಂತ ಮಾಣಿ, ಸಿನಿಮಾ ಲಾಯ್ಕಿರಲಿಲ್ವಾ?" ಎಂದು ವಿಚಾರಿಸಿದರು.

"ನೋಡ್ಲಿಕ್ಕೆ ಲಾಯ್ಕುಂಟು ಅಜ್ಜ. ಆದ್ರೆ ಒಳಗೆ ಎಂತದೂ ಇಲ್ಲ."

"ಹಾಗಾದ್ರೆ ವೇಷ ಬಂತು, ಅರ್ಥ ಬರ್ಲಿಲ್ಲ."

ನೂರಾರು ಕೋಟಿ ರೂಪಾಯಿಯ ಚಿತ್ರದ ಕುರಿತು ಇದಕ್ಕಿಂತ ಚಿಕ್ಕ ವಿಮರ್ಶೆ ಬಂದಿರಲಾರದು. ಊರಿನ ಮೊಬೈಲುಗಳೆಲ್ಲ ಆಕಾಶಕ್ಕೆ ಹಾರಿ ಒಂದು ಭಾರಿ ಹಕ್ಕಿಯಾಗುವ ದೃಶ್ಯವೇನೋ ಬೆರಗಿನದೇ. ಗುಡ್ಡ ಹತ್ತಿದರಷ್ಟೇ ಸಿಗ್ನಲ್ ಕಾಣುವ ಕಡಬದ ಹಳ್ಳಿಗರಂತೂ ಅದನ್ನು ಕಂಡು ನಗದಿರಲಾರರು. ಆದರೆ ಸನಾ ದೂರವಾಣಿಯ ಬರಿಯ ಧ್ವನಿಯಾಗಿ ಉಳಿದಳು. ಅಕ್ಷಯ್ ಕುಮಾರ್ ನಟಿಸಿದ ಪಕ್ಷಿರಾಜನ್, ಹಕ್ಕಿಗಳ ಸಾವಿಗೆ ಮರುಗಿ ಮೊಬೈಲ್ ಗೋಪುರಕ್ಕೇ ನೇಣು ಹಾಕಿಕೊಂಡ ವೃದ್ಧ. ಗೋಪುರದ ವಿಕಿರಣವೇ ಹಕ್ಕಿಗಳನ್ನು ಕೊಲ್ಲುತ್ತದೆಂಬುದನ್ನು ವಿಜ್ಞಾನ ಸ್ಥಿರಪಡಿಸಿಲ್ಲ. ಆದರೆ ಆ ವೃದ್ಧನ ಮರುಕ ಸುಳ್ಳಲ್ಲ. ಅದಕ್ಕೆ ಚಿತ್ರ ಕೊಟ್ಟ ಉತ್ತರ ಹೊಡೆತ. ಕೊನೆಯಲ್ಲಿ ಅವನ ಮಾತಿಗೆ ಒಂದಿಷ್ಟು ಗೌರವ ಸಲ್ಲುವುದಾದರೂ, ಅದು ಸೋಲಿಸಿದ ಮೇಲಿನ ಉಪಚಾರ.

ಹುಡುಗನ ನಿಜವಾದ ನೋವು ಬೇರೆ. ಯೋಚಿಸಿದ ತಪ್ಪಿಗಾಗಿ ತನ್ನನ್ನೇ ಕಳಚಿಕೊಂಡವನನ್ನು ಮತ್ತೆ ಜೋಡಿಸಿದರು. ಎದ್ದು ಬರಲು ಅವನಿಗೆ ಮನಸ್ಸಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಅವನ ತೋಳ್ಬಲ ಬೇಕಾಗಿತ್ತು, ಯೋಚನೆ ಬೇಕಿರಲಿಲ್ಲ.

ಲಕ್ಷ್ಮೀಶನಿಗೂ ಇಂಥದೇ ಅಪಾಯವಿತ್ತು. ಭೀಷ್ಮ ದ್ರೋಣ ಕರ್ಣರನ್ನು ಜಯಿಸಿದ ಅರ್ಜುನನಿಗೆ ಇನ್ನು ಯಾರನ್ನು ಇದಿರು ನಿಲ್ಲಿಸುವುದು? ಇನ್ನೂ ದೊಡ್ಡ ರಾಕ್ಷಸನನ್ನು ತರಬಹುದಾಗಿತ್ತು. ಬದಲಾಗಿ ಯಜ್ಞಾಶ್ವದ ಬೆನ್ನು ಹಿಡಿದು ಮಣಿಪುರಕ್ಕೆ ಬಂದ ಅರ್ಜುನನ ಮುಂದೆ ಅವನ ಮಗ ಬಭ್ರುವಾಹನನೇ ನಿಂತನು. ನಮಸ್ಕರಿಸಲು ಬಂದ ಮಗನನ್ನು ತಂದೆ ಹೀನೈಸಿದನು. ಆ ಮಗನ ಬಾಣದಿಂದಲೇ ಬಿದ್ದನು. ಲೋಕವನ್ನು ಗೆದ್ದವನು ತನ್ನ ಮಗನನ್ನು ಬಲ್ಲನೇ ಎಂಬುದು ಕುರುಕ್ಷೇತ್ರದಲ್ಲಿ ಕೇಳದೆ ಉಳಿದ ಪ್ರಶ್ನೆ. ಆದುದರಿಂದಲೇ ಯಕ್ಷಗಾನವು 'ಬಭ್ರುವಾಹನ ಕಾಳಗ'ವನ್ನೂ ಸುಧನ್ವನ ಕಥೆಯನ್ನೂ ತನ್ನದಾಗಿಸಿಕೊಂಡಿತು.

ಪುತ್ತೂರು ಸೀಮೆಯ ರಸಿಕರು ಒಂದೇ ಪ್ರಸಂಗವನ್ನು ವರುಷ ವರುಷವೂ ಕೇಳಿ ದಣಿಯರು. ಪದ ಹಳೆಯದು, ಕಥೆ ಹಳೆಯದು. ವೇಷವೂ ಇಲ್ಲದ ಮಳೆಗಾಲದ ತಾಳಮದ್ದಳೆಯಲ್ಲಿ ಹೊಸದೆಂದರೆ ಆ ದಿನದ ಮಾತು, ಆ ಮಾತಿನೊಳಗಿನ ವಿಚಾರ. ಸುಧನ್ವನು ಇಂದು ಅರ್ಜುನನನ್ನು ಏನು ಕೇಳುವನೋ ಎಂಬ ಕುತೂಹಲವೇ ಅವರನ್ನು ಕೂಡಿಸುತ್ತದೆ. '2.0'ದಲ್ಲಿ ಕಥೆ ಹೊಸದು, ಯಂತ್ರಗಳು ಹೊಸವು; ಕೇಳುವ ಬಾಯಿ ಮಾತ್ರ ಇಲ್ಲ.

ಆಟ ಮುಗಿದು ಮಂಗಳ ಹಾಡಿದ ಮೇಲೆ ಭಾಗವತನು ಮತ್ತೊಂದು ಪದ ಎತ್ತಬಾರದೆಂದಿಲ್ಲ. ಎತ್ತುವುದಾದರೆ ಆ ರಾತ್ರಿ ಉತ್ತರ ಸಿಗದೆ ಉಳಿದ ಮಾತೊಂದು ಅದರಲ್ಲಿರಬೇಕು. ಚಂಡೆಯ ಸದ್ದನ್ನು ಇಮ್ಮಡಿಸಿದ ಮಾತ್ರಕ್ಕೆ ಎದ್ದು ಹೊರಟವರು ಮತ್ತೆ ಕೂರಲಾರರು.