ಇಲ್ಲವೆಂಬ ಸಾಕ್ಷ್ಯ

ವಯಸ್ಸಾದ ಕಂಪ್ಯೂಟರೊಂದು ಬೆಳಗಿನ ಹೊತ್ತು ಗುಂಡಿಯನ್ನೊತ್ತಿದೊಡನೆ ಎಂದಿನಂತೆ ಒಮ್ಮೆ ಕೆಮ್ಮಿ, ಕಪ್ಪು ತೆರೆಯ ಮೇಲೆ ‘ಡಿಸ್ಕ್ ಬೂಟ್ ಫೇಲ್ಯೂರ್’ ಎಂಬ ಬಿಳಿಯ ಅಕ್ಷರಗಳನ್ನು ಮೂಡಿಸಿ ಸ್ತಬ್ಧವಾಗಿಬಿಟ್ಟರೆ, ನೆರೆಹೊರೆಯವನ ಮಾತನ್ನು ಹತ್ತು ಸಲ ಶೋಧಿಸದೆ ಒಪ್ಪದ ನಮ್ಮ ಜನ ಆ ಯಂತ್ರದ ಮಾತನ್ನು ಮಾತ್ರ ವೇದವಾಕ್ಯವೆಂದು ತಲೆಬಾಗಿ ಸ್ವೀಕರಿಸುವರು. ಡಿಸ್ಕು ಸತ್ತಿತೆಂದು ಒಬ್ಬ, ಸಿಪಿಯು ಡಬ್ಬಿಯೇ ಹೋಯಿತೆಂದು ಇನ್ನೊಬ್ಬ ತೀರ್ಪು ಕೊಡುವುದಕ್ಕೆ ಒಂದು ಕಪ್ಪು ಚಹ ಕುಡಿಯುವಷ್ಟು ಹೊತ್ತೂ ಬೇಕಾಗುವುದಿಲ್ಲ.

ಹಿಂದೆ ಬಸವನ ಬಾಗೇವಾಡಿಗೆ ಸೇರಿದ್ದು ಈಗ ಸ್ವತಃ ತಾಲೂಕಿನ ಪದವಿಯನ್ನು ಪಡೆದಿರುವ ನಿಡಗುಂದಿಯಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರ ಟೈಪಿಂಗ್ ಅಂಗಡಿಯುಂಟು. ಅರ್ಜಿ ಬರೆಯುವ ಉದ್ಯೋಗಕ್ಕೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸಮೀಪದ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. ಕೃಷ್ಣೆಯ ಹಿನ್ನೀರು 519.60 ಮೀಟರಿನವರೆಗೆ ಏರಿ ನಿಂತಿತು. ಮುಂದೆ 2010ರಲ್ಲಿ ಕೃಷ್ಣಾ ಜಲವಿವಾದದ ನ್ಯಾಯಮಂಡಳಿಯು ಅದನ್ನು 524.256 ಮೀಟರಿಗೆ ಎತ್ತರಿಸಲು ಅನುಮತಿಯಿತ್ತಿತು. ನೀರು ಒಂದೊಂದು ಅಡಿ ಏರಿದಂತೆಲ್ಲ ಮುಳುಗಡೆಯ ಹೊಲ, ಪರಿಹಾರದ ಬಾಕಿ, ಪುನರ್ವಸತಿಯ ನಿವೇಶನ, ಹೆಸರಿನಲ್ಲಿ ತಪ್ಪಿದ ಒಂದು ಕೊಂಬು, ಉತಾರದಲ್ಲಿ ತಪ್ಪಿದ ಒಂದು ಗುಂಟೆ, ಇವೆಲ್ಲವೂ ಕಾಗದದ ರೂಪವನ್ನು ತಾಳಿ ಇಂತಹ ಅಂಗಡಿಗಳ ಮೂಲಕ ಕಚೇರಿಗಳಿಗೆ ನಡೆದವು. ನಮ್ಮ ಹಿರಿಯರ ಯಂತ್ರದ ಹಳೆಯ ಡಿಸ್ಕಿನಲ್ಲಿ ಹೀಗೆ ಒಂದು ತಲೆಮಾರಿನ ಅಹವಾಲುಗಳು, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಅಕ್ಷರಗಳಲ್ಲಿ, ವಿಂಡೋಸ್ ಎಕ್ಸ್‌ಪಿಯ ಆಶ್ರಯದಲ್ಲಿ ಸುಖವಾಗಿದ್ದವು. ಆ ಎಕ್ಸ್‌ಪಿಯ ಪೋಷಣೆಯನ್ನು ತಯಾರಕರು 2014ರ ಏಪ್ರಿಲಿನಲ್ಲಿ ನಿಲ್ಲಿಸಿದರೆಂಬ ವಾರ್ತೆ ಅಂಗಡಿಗೆ ತಲಪಿದ್ದರೂ, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಯಂತ್ರ ಮೌನ ತಾಳಿದ ದಿನ ರಿಪೇರಿಯ ಹುಡುಗ ಬಂದು ನೋಡಿ, “ಕಾಕಾ, ಹಾರ್ಡ್ ಡಿಸ್ಕ್ ಹೋಗ್ಯಾದ್ರಿ. ಹೊಸಾದು ಹಾಕಿ ಫಾರ್ಮ್ಯಾಟ್ ಹೊಡದ್ರ ಛಲೋ ಆಗ್ತದ್ರಿ” ಎಂದನು.

“ಹೊಸಾದು ಹಾಕ್ತಿ ಖರೆ, ಇದರಾಗಿನ ಅರ್ಜಿ ಎಲ್ಲಿಂದ ತರ್ತಿ, ತಮ್ಮಾ?” ಎಂದರು ಹಿರಿಯರು.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟವನು ಮೊದಲು ಮೀಮಾಂಸಕರ ಬಾಗಿಲನ್ನು ತಟ್ಟುವುದು ಲೇಸೆಂದು ನನ್ನ ಅಭಿಪ್ರಾಯ. ಕುಮಾರಿಲಭಟ್ಟನ ಮತದವರು, ಅವರನ್ನನುಸರಿಸಿ ಅದ್ವೈತಿಗಳು, ಅನುಪಲಬ್ಧಿ ಎಂಬುದೊಂದು ಪ್ರಮಾಣವನ್ನು ಒಪ್ಪುವರು: ನೆಲದ ಮೇಲೆ ಗಡಿಗೆಯು ಕಾಣದಿರುವುದರಿಂದಲೇ ಅಲ್ಲಿ ಗಡಿಗೆಯಿಲ್ಲವೆಂಬ ಜ್ಞಾನವುಂಟಾಗುತ್ತದೆ. ಆದರೆ ಇದಕ್ಕೊಂದು ಕಟ್ಟುಪಾಡುಂಟು. ಇದ್ದಿದ್ದರೆ ಕಂಡೇ ತೀರಬೇಕಾಗಿತ್ತು ಎನ್ನುವಷ್ಟು ಬೆಳಕೂ ಅನುಕೂಲವೂ ಇರುವಲ್ಲಿ ಮಾತ್ರ ಕಾಣದಿರುವಿಕೆಯು ಸಾಕ್ಷ್ಯವಾದೀತೇ ಹೊರತು, ಕತ್ತಲೆಯ ಕೋಣೆಯಲ್ಲಿ ತಡಕಾಡಿ ಗಡಿಗೆಯಿಲ್ಲವೆಂದವನ ಮಾತಿಗೆ ಬೆಲೆಯಿಲ್ಲ. (ನೈಯಾಯಿಕರು ಇದನ್ನು ಪ್ರತ್ಯೇಕ ಪ್ರಮಾಣವೆಂದೇ ಒಪ್ಪಲಿಲ್ಲ, ಆ ಜಗಳದಿಂದ ಅಂಗಡಿಯ ಕೆಲಸ ಮುಂದುವರಿಯದು.) ಡಿಸ್ಕು ಕಾಣಲಿಲ್ಲವೆಂದು ಹೇಳಿದ ಯಂತ್ರದ ಕಣ್ಣಿನ ಮುಂದೆ ಆ ಹೊತ್ತು ಬೆಳಕಿತ್ತೆ ಎಂಬುದನ್ನು ಮೊದಲು ವಿಚಾರಿಸಬೇಕು.

ಡಬ್ಬಿಯ ಪಕ್ಕದ ತಗಡನ್ನು ಬಿಚ್ಚಿದಾಗ ಒಳಗೆ ಎರೆಮಣ್ಣಿನ ನುಣ್ಣನೆಯ ಧೂಳು ಒಂದು ಪದರವಾಗಿ ಕುಳಿತಿತ್ತು. ಡಿಸ್ಕುಗಳು ಎರಡು: ಅಗಲವಾದ ಪಟ್ಟಿಯಂತಹ ನಲವತ್ತು ಪಿನ್ನಿನ ಕೇಬಲಿನಲ್ಲಿ ಎಕ್ಸ್‌ಪಿಯನ್ನೂ ಅರ್ಜಿಗಳನ್ನೂ ಹೊತ್ತ ಹಳೆಯದು, ಸಣ್ಣ ಸಾಟಾ ಕೇಬಲಿನಲ್ಲಿ ಮದುವೆಯ ಫೋಟೋಗಳಿಗೆಂದು ಆಮೇಲೆ ತೊಡಿಸಿದ್ದು. ಕೇಬಲುಗಳನ್ನು ಕಳಚಿ, ಒರೆಸಿ, ಗಟ್ಟಿಯಾಗಿ ಕೂಡಿಸಿ, ರ್‍ಯಾಮನ್ನು ರೂಢಿಯಂತೆ ರಬ್ಬರಿನಿಂದ ಉಜ್ಜಿ ಕಿವಿಗೊಟ್ಟರೆ ಎರಡೂ ಏಕನಾದದಿಂದ ತಿರುಗುತ್ತಿದ್ದವು. ಸಾಯುವ ಡಿಸ್ಕು ಮಾಡುವ ಟಕ್ ಟಕ್ ಶಬ್ದ ಎಲ್ಲಿಯೂ ಇರಲಿಲ್ಲ. ಡಿಲೀಟ್ ಕೀಲಿಯನ್ನೊತ್ತಿ ಬಯಾಸನ್ನು ತೆರೆದಾಗ ಎರಡರ ಹೆಸರೂ ಅಲ್ಲಿದ್ದವು. ಅಂದಮೇಲೆ ಸತ್ತದ್ದು ಯಾವುದು?

ಉತ್ತರವನ್ನು ಯಂತ್ರವು ಪ್ರತಿದಿನವೂ ಹೇಳುತ್ತಲೇ ಇದ್ದಿತು. ಕೆಲವು ತಿಂಗಳಿಂದ ಅದರ ಗಡಿಯಾರ ಹಿಂದೆ ಬೀಳುತ್ತ, ಅರ್ಜಿಗಳ ತಲೆಯ ಮೇಲೆ ಮೊನ್ನೆಯ ದಿನಾಂಕ ಮುದ್ರಿತವಾಗುತ್ತ, ಹಿರಿಯರು ಅದನ್ನು ಪೆನ್ನಿನಿಂದ ತಿದ್ದಿ ಕಳಿಸುತ್ತಿದ್ದರು. ದೀಪಾವಳಿಗೆ ಸುಣ್ಣ ಹೊಡೆಯಲೆಂದು ಪ್ಲಗ್ಗನ್ನು ಕಿತ್ತಿಟ್ಟ ಮೇಲೆ ‘ಸೀಮಾಸ್ ಚೆಕ್‌ಸಮ್ ಎರರ್’ ಎಂಬ ಒಂದು ಸಾಲು ಮೊದಲಿಗೆ ಮಿನುಗುತ್ತಿದ್ದರೂ, ಎಫ್1 ಒತ್ತಿದರೆ ಅದು ಹೋಗುತ್ತಿತ್ತಾದ್ದರಿಂದ ಒತ್ತಿದವರೇ ಎಲ್ಲರೂ, ಓದಿದವರು ಯಾರೂ ಇಲ್ಲ. ಮದರ್‌ಬೋರ್ಡಿನ ಮೂಲೆಯಲ್ಲಿ ನಾಣ್ಯದಂತಹ ಒಂದು ಸೆಲ್ಲಿರುತ್ತದೆ. 2032 ಎಂಬ ಅದರ ಅಂಕೆಯು ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದರ ಗುರುತು. ಪ್ಲಗ್ಗು ಕಿತ್ತಿರುವಾಗಲೂ ಕಾಲವನ್ನೆಣಿಸುವುದೂ, ಯಾವ ಡಿಸ್ಕಿನಿಂದ ಏಳಬೇಕೆಂಬ ಅಪ್ಪಣೆಯನ್ನು ನೆನಪಿಡುವುದೂ ಅದರ ಮೂರು ವೋಲ್ಟಿನ ಕೃಪೆಯಿಂದ. ಅದು ಬತ್ತಿದಾಗ ಅಪ್ಪಣೆಗಳೆಲ್ಲ ಅಳಿದು, ಫೋಟೋಗಳ ಡಿಸ್ಕು ಪಟ್ಟಿಯಲ್ಲಿ ಮೊದಲನೆಯದಾಯಿತು. ಹಳೆಯ ಬೋರ್ಡುಗಳಲ್ಲಿ ಕೆಲವು ಮೊದಲನೆಯ ಡಿಸ್ಕಿನಲ್ಲಿ ವಿಂಡೋಸ್ ಸಿಕ್ಕದಿದ್ದರೆ ಎರಡನೆಯದರ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಆದರೂ ಏನನ್ನೂ ಬದಲಿಸುವ ಮೊದಲು ಅರ್ಜಿಗಳ ಪ್ರತಿಯನ್ನು ತೆಗೆಯಬೇಕೆಂದು ನಾನು ಹಠ ಹಿಡಿದೆನು. ಡಿಸ್ಕಿನ ಮೊತ್ತಮೊದಲಿನ 512 ಬೈಟುಗಳಲ್ಲಿಯೇ ಏಳುವ ವಿಧಾನವೂ ಒಳಗಿನ ಪಾಲುಗಳ ಪಟ್ಟಿಯೂ ಅಡಗಿರುವುದರಿಂದ, ಅಲ್ಲಿ ಅವಸರದ ಕೈಯಾಡಿದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತಾಗುತ್ತದೆ. ಹುಡುಗನು ಲಿನಕ್ಸಿನ ಸಿಡಿಯೊಂದರಿಂದ ಯಂತ್ರವನ್ನೆಬ್ಬಿಸಿ ಅರ್ಜಿಯೊಂದನ್ನು ತೆರೆದವನೇ, “ಫೈಲ್ ಎಲ್ಲಾ ಕೆಟ್ಟಾವ್ರಿ!” ಎಂದು ಗಾಬರಿಯಾದನು. ತೆರೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಕೆಟ್ಟಿದ್ದು ಏನೂ ಇಲ್ಲ. ಯೂನಿಕೋಡಿಗೆ ಒಗ್ಗದ ಹಳೆಯ ನುಡಿಯು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರಿಂದ, ಆ ಫಾಂಟಿಲ್ಲದ ಕಡೆ ಕನ್ನಡವು ಹೀಗೆ ವೇಷ ಮರೆಸಿಕೊಂಡಿರುತ್ತದೆ. ಒಂದೇ ಗಳಿಗೆಯಲ್ಲಿ ಎರಡನೆಯ ಸಲ ನಾವು ಕಾಣದ್ದನ್ನು ಇಲ್ಲದ್ದೆಂದು ಬಗೆಯುವುದರಲ್ಲಿದ್ದೆವು.

ಪ್ರತಿಗಳು ಪೆನ್ ಡ್ರೈವಿಗೆ ಇಳಿದವು. ಗಡಿಯಾರ ರಿಪೇರಿಯವನಲ್ಲಿ ಸೆಲ್ಲು ದೊರೆಯಿತು. ಬಯಾಸಿನಲ್ಲಿ ಹಳೆಯ ಡಿಸ್ಕಿಗೆ ಅಗ್ರಸ್ಥಾನವನ್ನು ಮರಳಿಸಿ ಎಫ್10 ಒತ್ತಿದೊಡನೆ ಎಕ್ಸ್‌ಪಿಯ ಹಸುರು ಗುಡ್ಡ ಕಾಣಿಸಿಕೊಂಡಿತು. ಅರ್ಜಿಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿ ಹೊಸ ಯಂತ್ರಕ್ಕೆ ಸಾಗಿಸಿಬಿಡಿರೆಂದು ನಾನು ಹಿರಿಯರಿಗೆ ಸಾಕಷ್ಟು ದೀರ್ಘವಾಗಿಯೇ ನಿವೇದಿಸಿದೆನು. ಅವರು ಪೂರ್ತಿಯಾಗಿ ಕೇಳಿ, ಆ ದಿನದ ದಿನಾಂಕ ಸರಿಯಾಗಿದೆಯೇ ಎಂದು ಕನ್ನಡಕವೇರಿಸಿ ನೋಡಿಕೊಂಡು, “ನೋಡೂಣ್ರಿ, ಸುಗ್ಗಿ ಮುಗೀಲಿ” ಎಂದರು.