ಬೇಡವೆಂದರೂ ಹತ್ತುವ ದೀಪ

ಮನೆಯಲ್ಲಿ ದೀಪ ಹತ್ತಿತೆಂದರೆ ಸಂತೋಷಪಡುವುದು ನಮ್ಮ ಜನರ ರೂಢಿ. ದೇವರ ಮುಂದಿನ ನಂದಾದೀಪ, ಹೊಸ್ತಿಲ ಹಣತೆ, ಓದುವ ಮಕ್ಕಳ ಮಗ್ಗುಲಿನ ದೀಪ, ಇವೆಲ್ಲ ಶುಭದ ಗುರುತುಗಳು. ಆದರೆ ಹತ್ತಬಾರದ ದೀಪವೂ ಒಂದುಂಟು. ಮೋಟಾರು ಬಂಡಿಯ ಚಾಲಕನ ಕಣ್ಣೆದುರಿನ ಫಲಕದಲ್ಲಿ, ಎಂಜಿನ್ನಿನ ಆಕಾರದಲ್ಲಿ, ಕಿತ್ತಳೆ ಬಣ್ಣದಿಂದ ಹೊಳೆಯುವ ಪುಟ್ಟ ದೀಪವದು. ಒಂದು ವರ್ಷಕ್ಕೆ ಮೇಲ್ಪಟ್ಟು ಅದು ನಮ್ಮ ಮನೆಯ ನಿದ್ದೆಯನ್ನು ಕೆಡಿಸಿತ್ತಾದ್ದರಿಂದ, ಅದರ ವಿಚಾರವನ್ನು ನಾಲ್ಕು ಮಂದಿ ಗೃಹಸ್ಥರ ಮುಂದೆ ಇಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ನಮ್ಮದು ಸಣ್ಣ ಲಾರಿ, 2017ರಲ್ಲಿ ಕೊಂಡದ್ದು. ವಾಸ ಬೀದರದಲ್ಲಿ, ಸಂಚಾರ ಭಾಲ್ಕಿ ಔರಾದಗಳ ಕಡೆಗೆ. ಎರಡೂ ಊರುಗಳು ಇಲ್ಲಿಂದ 40 ಕಿಲೋಮೀಟರಿನ ಆಸುಪಾಸಿನಲ್ಲಿವೆ. ಸುಗ್ಗಿಯಲ್ಲಿ ತೊಗರಿ, ಸೋಯಾ, ಉದ್ದು, ಹೆಸರುಗಳ ಚೀಲಗಳನ್ನು ಆ ಕಡೆಯ ಹಳ್ಳಿಗಳಿಂದ ಹೇರಿಕೊಂಡು ಬಂದು ಬೀದರದ ಅಡತಿ ಅಂಗಡಿಗಳಿಗೆ ಮುಟ್ಟಿಸುವುದು ಲಾರಿಯ ಕೆಲಸ. ನಮಗೆ ಅದೇ ಹೊಲ, ಅದೇ ನೌಕರಿ. ಅದು ನಾಲ್ಕು ದಿನ ನಿಂತರೆ ಚಾಲಕನ ಮನೆಯ ಒಲೆಯೂ ತಣ್ಣಗಾಗುತ್ತದೆ.

ಔರಾದದಿಂದ ಬರುವಾಗ ಮಾಂಜ್ರಾ ನದಿಯನ್ನು ದಾಟಬೇಕು. ಅದರ ತರುವಾಯ ಕಪ್ಪು ನೆಲ ಹಿಂದೆ ಬಿದ್ದು, ಬೀದರದ ಕೆಂಪು ಕಲ್ಲಿನ ಎತ್ತರಕ್ಕೆ ಏರಬೇಕು. ಆ ಏರಿನಲ್ಲಿ ತುಂಬಿದ ಲಾರಿಯ ಕಸುವು ಒಮ್ಮೆಲೆ ಕುಗ್ಗುವುದು, ದೀಪ ಹತ್ತುವುದು. ಬದಿಗೆ ನಿಲ್ಲಿಸಿ ಕೀಲಿ ತೆಗೆದು ಮತ್ತೆ ಚಾಲೂ ಮಾಡಿದರೆ ಬಂಡಿ ಏನೂ ಆಗಿಲ್ಲವೆಂಬಂತೆ ಎಳೆಯುವುದು. ದೀಪ ಮಾತ್ರ ಉರಿಯುತ್ತಲೇ ಇರುವುದು. "ಕಾಕಾ, ಮತ್ತ ಹತ್ಯಾದ ನೋಡ್ರಿ" ಎಂದು ನಮ್ಮ ಚಾಲಕನು ಫೋನಿನಲ್ಲಿ ಹೇಳಿದ ದಿನ ನಮಗೆ ಊಟ ರುಚಿಸುತ್ತಿರಲಿಲ್ಲ.

ಈ ದೀಪದ ಹುಟ್ಟು ಹೊಗೆಯ ಚಿಂತೆಯಿಂದ ಆದದ್ದು. ಎಂಜಿನ್ನು ಕೆಟ್ಟು ಗಾಳಿಯನ್ನು ಕೆಡಿಸತೊಡಗಿದರೆ ಬಂಡಿಯೇ ಅದನ್ನು ಸಾರಿ ಹೇಳಬೇಕೆಂದು ಅಮೇರಿಕದವರು 1996ರ ಮಾದರಿಯ ಕಾರುಗಳಿಂದ ಒಂದೇ ಬಗೆಯ ಏರ್ಪಾಡನ್ನು ಕಡ್ಡಾಯಗೊಳಿಸಿದರು. ನಮ್ಮಲ್ಲಿ ಭಾರತ್ ಸ್ಟೇಜ್ 4 ನಿಯಮವು 2017ರ ಏಪ್ರಿಲಿನಿಂದ ದೇಶಕ್ಕೆಲ್ಲ ಅನ್ವಯಿಸಿತು. 2020ರ ಏಪ್ರಿಲಿನಿಂದ ಆರನೆಯ ಮಟ್ಟ ಬಂದಿತು. ಚಾಲಕನ ಕಾಲಿನ ಹತ್ತಿರ 16 ಪಿನ್ನುಗಳ ಒಂದು ಸಾಕೆಟ್ಟು ಇರುತ್ತದೆ. ಅದಕ್ಕೆ ಸ್ಕ್ಯಾನರನ್ನು ಜೋಡಿಸಿದರೆ, ಒಂದು ಅಕ್ಷರ ನಾಲ್ಕು ಅಂಕಿಗಳ ಸಂಕೇತ ಕಾಣುತ್ತದೆ. ನಮಗೆ ಸಿಕ್ಕಿದ್ದು 'ಪಿ0087'. ಡೀಸೆಲಿನ ಒತ್ತಡ ಇರಬೇಕಾದುದಕ್ಕಿಂತ ಕಡಿಮೆಯಾಗಿದೆ ಎಂಬುದು ಅದರ ಅರ್ಥ.

ಇಲ್ಲಿಯೇ ತೊಡಕು. ಒತ್ತಡ ಬಿದ್ದಿತೆಂದು ಸಂಕೇತ ಹೇಳುತ್ತದೆ. ಬೀಳಿಸಿದವರು ಯಾರೆಂದು ಹೇಳುವುದಿಲ್ಲ. ನಾವು ಉಸಿರಾಡುವ ಗಾಳಿಯ ಒತ್ತಡ ಸುಮಾರು 1 ಬಾರ್. ಇಂದಿನ ಡೀಸೆಲ್ ಎಂಜಿನ್ನಿನ ರೈಲ್ ಎಂಬ ಉಕ್ಕಿನ ಕೊಳವೆಯೊಳಗೆ ಅದು 1000 ಬಾರನ್ನೂ ಮೀರುತ್ತದೆ. ಅಷ್ಟು ಒತ್ತಡ ಕುಸಿಯಲು ಪಂಪು ಸವೆದಿರಬಹುದು, ಫಿಲ್ಟರು ಕಟ್ಟಿರಬಹುದು, ಇಂಜೆಕ್ಟರು ಸೋರುತ್ತಿರಬಹುದು, ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಮೊದಲನೆಯ ಗ್ಯಾರೇಜಿನವರು ಸಂಕೇತವನ್ನು ಅಳಿಸಿ ಕೊಟ್ಟರು. ಒಂಬತ್ತು ದಿನ ನೆಮ್ಮದಿ. ಎರಡನೆಯವರು ಸೆನ್ಸರನ್ನು ಬದಲಿಸಿದರು, ಒಂದು ತಿಂಗಳು. ಬಳಿಕ ಫಿಲ್ಟರು, ಎಂಟೇ ದಿನ. ಕೊನೆಗೆ ಇನ್ನೊಬ್ಬರು ದೊಡ್ಡ ಪಂಪನ್ನೇ ಬದಲಿಸಬೇಕೆಂದು 80,000 ರೂಪಾಯಿಗಳ ಅಂದಾಜು ಬರೆದುಕೊಟ್ಟರು. ಮಗಳ ಎರಡನೆಯ ವರ್ಷದ ಕಾಲೇಜು ಶುಲ್ಕವೆಂದು ತೆಗೆದಿರಿಸಿದ್ದ ಹಣ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ಮನೆಯವರು ಏನೂ ಆಡದೆ ಕೈಯ ಪಾಟ್ಲಿಗಳನ್ನು ಒಮ್ಮೆ ತಿರುವಿ ನೋಡಿಕೊಂಡರು.

ಈ ನಡುವೆ ಪುಕ್ಕಟೆ ಬುದ್ಧಿವಾದಕ್ಕೆ ಬರವಿರಲಿಲ್ಲ. ದೀಪದ ಮೇಲೆ ಕರಿಯ ಪಟ್ಟಿ ಅಂಟಿಸಿರೆಂದು ಒಬ್ಬರು, ದೀಪವನ್ನೇ ಕೀಳಿಸಿ ಬಂಡಿಯನ್ನು ಯಾರಿಗಾದರೂ ದಾಟಿಸಿರೆಂದು ಇನ್ನೊಬ್ಬರು. ನಮ್ಮ ಚಿಂತೆಯನ್ನು ಇನ್ನೊಬ್ಬ ಬಡವನ ತಲೆಗೆ ಕಟ್ಟುವ ಈ ಉಪಾಯ ನಮಗೆ ಸೇರಲಿಲ್ಲ. ಹಳೆಯ ಬಂಡಿಯನ್ನು ಕೊಳ್ಳತಕ್ಕವರು ಇದೊಂದನ್ನು ನೆನಪಿಡಬೇಕು: ಎಂಜಿನ್ನು ಚಾಲೂ ಮಾಡುವ ಮೊದಲು ಕೀಲಿ ತಿರುವಿದಾಗ ಈ ದೀಪ ತಾನಾಗಿ ಹತ್ತಬೇಕು, ಚಾಲೂ ಆದಮೇಲೆ ಆರಬೇಕು. ಮೊದಲಿಗೆ ಹತ್ತದೇ ಹೋದರೆ ಯಾರೋ ಅದರ ಬಾಯಿ ಕಟ್ಟಿದ್ದಾರೆಂದು ಸಂಶಯಪಡತಕ್ಕದ್ದು. ಎಣ್ಣೆಯ ಅಥವಾ ಶಾಖದ ಕೆಂಪು ದೀಪದ ಮಾತೇ ಬೇರೆ. ಅದು ಹತ್ತಿದಲ್ಲಿಯೇ ಬಂಡಿಯನ್ನು ನಿಲ್ಲಿಸಬೇಕು.

ಗಂಟು ಬಿಚ್ಚಿದ್ದು ಗ್ಯಾರೇಜಿನಲ್ಲಲ್ಲ, ಅಡುಗೆಮನೆಯಲ್ಲಿ. ಲಾರಿಯ ಡೀಸೆಲ್ ಲೆಕ್ಕವನ್ನು ಬರೆದಿಡುವವರು ನಮ್ಮ ಮನೆಯವರು. ದೀಪ ಹತ್ತಿದ ದಿನಗಳನ್ನೂ ಅದೇ ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತ ಬಂದಿದ್ದರು. ಒಂದು ಸಂಜೆ ಪುಟ ತಿರುವುತ್ತಿದ್ದವರು, "ಇಲ್ನೋಡ್ರಿ, ದೀಪ ಹತ್ತಿದ ದಿನಾನೋ ಮರುದಿನಾನೋ ಡೀಸೆಲ್ ತುಂಬಿಸೀರಿ. ಟಾಕಿ ತುಂಬಿದ್ದಾಗ ಒಮ್ಮಿನೂ ಹತ್ತಿಲ್ಲ" ಎಂದರು. ನಾವು ಪುಸ್ತಕವನ್ನು ತೆಗೆದುಕೊಂಡು ನೋಡಿದೆವು. ಹನ್ನೊಂದು ಗುರುತುಗಳು, ಹನ್ನೊಂದೂ ಹಾಗೆಯೇ. "ನಮ್ಮಪ್ಪನ ಬಾವಿ ಮೋಟರ್ ಬ್ಯಾಸಿಗ್ಯಾಗ ನೀರು ಕೆಳಗ ಹೋದ್ರ ಗಾಳಿ ಹಿಡೀತಿತ್ತು. ಹಂಗೇನಾರ ಅದ ಏನ್ರಿ?" ಎಂದು ಕೇಳಿ, ರೊಟ್ಟಿ ಬಡಿಯಲು ಎದ್ದು ಹೋದರು.

ಮರುದಿನ ಈ ಮಾತನ್ನು ಭಾಲ್ಕಿಯ ಒಬ್ಬ ಹಿರಿಯ ಮಿಸ್ತ್ರಿಯ ಮುಂದೆ ಹೇಳಿದೆವು. ನಮ್ಮ ಬಿದರಿ ಕುಶಲಿಗಳು ಕೋಟೆಯ ಮಣ್ಣನ್ನು ನಾಲಗೆಗೆ ಹಚ್ಚಿ ನೋಡಿಯೇ ಅದು ಲೋಹಕ್ಕೆ ಕಪ್ಪೇರಿಸುವ ಮಣ್ಣು ಹೌದೋ ಅಲ್ಲವೋ ಹೇಳುತ್ತಾರೆ. ಈತನೂ ಆ ಜಾತಿಯ ಮನುಷ್ಯ. ಸ್ಕ್ಯಾನರು ಆತನಲ್ಲಿಯೂ ಇತ್ತು, ಆದರೆ ಅದನ್ನು ಕೊನೆಗೆ ತೆಗೆದನು. "ಸಾವಕಾರ್ರೆ, ಟಾಕಿ ಕಾಲುಭಾಗ ಇರಲಿ, ತುಂಬಿಸಬ್ಯಾಡ್ರಿ" ಎಂದನು. ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕವಾದ ಒಂದು ತುಂಡು ಪೈಪನ್ನು ಸೇರಿಸಿ ಎಂಜಿನ್ನನ್ನು ಜೋರಾಗಿ ಓಡಿಸಿದನು. ಹೊಂಬಣ್ಣದ ಡೀಸೆಲಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲುಗಟ್ಟಿ ಹರಿದವು. ಆಮೇಲೆ ಟಾಕಿಯಿಂದ ಬರುವ ಪೈಪನ್ನು ಬಿಚ್ಚಿ, ಫಿಲ್ಟರಿಗೆ ಒಂದು ಡಬ್ಬಿಯಿಂದ ಶುದ್ಧ ಡೀಸೆಲ್ ಕೊಟ್ಟನು. ಗುಳ್ಳೆಗಳು ನಿಂತವು. ಪಂಪು ನಿರಪರಾಧಿ, ಫಿಲ್ಟರೂ ನಿರಪರಾಧಿ. ಕಳ್ಳನಿರುವುದು ಫಿಲ್ಟರಿಗೂ ಟಾಕಿಗೂ ನಡುವೆ.

ಬ್ಯಾಟರಿ ಹಿಡಿದು ಚಾಸಿಯ ಕೆಳಗೆ ನುಸುಳಿದ ಮಿಸ್ತ್ರಿ ಸ್ವಲ್ಪ ಹೊತ್ತಿನಲ್ಲಿ ಕರೆದನು. ಕಬ್ಬಿಣದ ಕ್ಲಿಪ್ಪಿಗೆ ಉಜ್ಜುತ್ತಿದ್ದ ಒಂದು ಬಾಗಿನಲ್ಲಿ ರಬ್ಬರು ಪೈಪು ಗಡುಸಾಗಿ, ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತ್ತು. ಒಂದು ಹನಿಯೂ ಹೊರಗೆ ಸೋರಿರಲಿಲ್ಲ. ಏಕೆಂದರೆ ನಮ್ಮ ಬಂಡಿಯಲ್ಲಿ ಎಂಜಿನ್ನಿನ ಮಗ್ಗುಲಿನ ಪಂಪು ಡೀಸೆಲನ್ನು ಸೆಳೆದುಕೊಳ್ಳುತ್ತದೆ. ಬಿರುಕಿನಿಂದ ಡೀಸೆಲ್ ಹೊರಬೀಳುವ ಬದಲು ಗಾಳಿ ಒಳಬೀಳುತ್ತಿತ್ತು. ಟಾಕಿ ತುಂಬಿದ್ದಾಗ ಸೆಳೆತ ಅಲ್ಪ. ಮಟ್ಟ ಇಳಿದಾಗ, ಅದರಲ್ಲಿಯೂ ಏರಿನಲ್ಲಿ ಎಂಜಿನ್ನು ಹೆಚ್ಚು ಡೀಸೆಲ್ ಬೇಡಿದಾಗ, ಸೆಳೆತ ಬಲವಾಗಿ ಗಾಳಿ ನುಗ್ಗುತ್ತಿತ್ತು. ಬಾವಿಯ ಮೋಟರಿನ ಕಥೆಯೇ ಸರಿ. ಈ ಪರೀಕ್ಷೆಯೆಲ್ಲ ಕಡಿಮೆ ಒತ್ತಡದ ಪಾಲಿನದು. ಪಂಪಿನಿಂದ ಆಚೆಗಿನ ಉಕ್ಕಿನ ಕೊಳವೆಗಳನ್ನು ಎಂಜಿನ್ನು ಓಡುವಾಗ ಯಾರೂ ಸಡಿಲಿಸಕೂಡದು. ಅಲ್ಲಿಂದ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮವನ್ನು ತೂರಿಹೋಗುತ್ತದೆ.

ಹೊಸ ಪೈಪು, ಎರಡು ಕ್ಲಿಪ್ಪು, ಕೂಲಿ ಎಲ್ಲ ಸೇರಿ 900 ರೂಪಾಯಿ. ಸಂಕೇತವನ್ನು ಅಳಿಸಿ, ಕಾಲು ಟಾಕಿ ಡೀಸೆಲಿನಲ್ಲಿಯೇ ಔರಾದದಿಂದ ತುಂಬಿದ ಲಾರಿಯನ್ನು ತರಿಸಿದೆವು. ಚಾಲಕನ ಮಗ್ಗುಲಲ್ಲಿ ನಾವೂ ಕುಳಿತಿದ್ದೆವು. ಮಾಂಜ್ರಾ ದಾಟಿ ಏರು ಬಂದಾಗ ಇಬ್ಬರೂ ಮಾತು ನಿಲ್ಲಿಸಿ ಫಲಕವನ್ನೇ ನೋಡಿದೆವು. ಲಾರಿ ಗುರುಗುಟ್ಟುತ್ತ ಏರಿತು, ಬೀದರ ಬಂದಿತು, ದೀಪ ಹತ್ತಲಿಲ್ಲ. ಅದಾಗಿ ಈಗ ಏಳು ತಿಂಗಳು.

ಶುಲ್ಕವನ್ನು ಕಟ್ಟಿದ್ದಾಯಿತು. ಡೀಸೆಲ್ ಪುಸ್ತಕದ ಅಂಚು ಬರಿದಾಗಿ ಉಳಿದದ್ದರಿಂದ ಮನೆಯವರು ಅಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದ್ದಾರೆ.